ಕಾಗೆ ಮುಟ್ಟಿದ್ದು ಯಾವ ಮಾತಿಗೆ?

ಕಾಗೆಯನ್ನು ನಾನು ಬರೀ ಹಕ್ಕಿಯೆಂದು ತಿಳಿದವನು. ಸತ್ತವರು ಕಾಗೆಯಾಗಿ ಬಂದು ಪಿಂಡ ಮುಟ್ಟುತ್ತಾರೆ, ಆಸೆ ಉಳಿದಿದ್ದರೆ ಮುಟ್ಟುವುದಿಲ್ಲ ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಸ್ಕಾಟ್ಲೆಂಡಿನಲ್ಲಿ ವೈದ್ಯಕೀಯ ಓದಿದ ನನಗೆ ಹೆಣ ಕೊಯ್ಯುವುದು ದಿನದ ಪಾಠವಾಗಿತ್ತು. ಅದರೊಳಗೆ ಎಲ್ಲೂ ಕಾಗೆ ಕಂಡಿರಲಿಲ್ಲ. ಈಗ ಬರೆಯುವುದನ್ನು ನಂಬುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ, ಅದನ್ನು ಮಾತ್ರ ಮುಚ್ಚಿಡುವುದಿಲ್ಲ.

ನಾವು ಬಿಜಾಪುರದ ಕಡೆಯವರು. ಅಪ್ಪ ಪುಣೆಯ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಶನಿವಾರ ಪೇಟೆಯ ವಾಡೆಯೊಂದರಲ್ಲಿ ಬಾಡಿಗೆಗಿದ್ದೆವು. ಎರಡನೆಯ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚೆ ಅಪ್ಪ ನನ್ನನ್ನು ವಿಲಾಯತಿಗೆ ಕಳಿಸಿದರು. ಅಲ್ಲಿ ನನ್ನ ತರಗತಿಯಲ್ಲೇ ಓದುತ್ತಿದ್ದ ಹೆಲೆನ್ ಮೇಲೆ ಮನಸ್ಸಾಯಿತು. ಮದುವೆಯಾಗಬೇಕೆಂದಿದ್ದೇವೆ ಎಂದು ಮನೆಗೆ ಬರೆದೆ. ಅಪ್ಪ ಉತ್ತರವನ್ನೇ ಕೊಡಲಿಲ್ಲ. ಅವರ ತಮ್ಮ ನರಸು ಕಾಕಾ ಬರೆದರು: ಮ್ಲೇಚ್ಛ ಸೊಸೆ ಬಂದ ಮನೆಯ ಹೆಣ್ಣುಮಕ್ಕಳನ್ನು ಯಾರು ತಂದುಕೊಳ್ಳುತ್ತಾರೆ, ಇಬ್ಬರು ತಂಗಿಯರ ಕೊರಳಿಗೆ ನೀನೇ ಉರುಲು ಹಾಕುತ್ತಿದ್ದೀ, ಎಂದು. ಆ ಕಾಲದಲ್ಲಿ ಅದು ಸುಳ್ಳೂ ಆಗಿರಲಿಲ್ಲ. ರಾತ್ರಿಯೆಲ್ಲ ತಂಗಿಯರು ಕಣ್ಣ ಮುಂದೆ ಬರುತ್ತಿದ್ದರು, ಬೆಳಗಾದರೆ ಹೆಲೆನ್ ಎದುರಿಗೆ ಬರುತ್ತಿದ್ದಳು.

ಓದು ಮುಗಿಯುವ ಹೊತ್ತಿಗೆ ಅಪ್ಪ ಹಾಸಿಗೆ ಹಿಡಿದರು. ಓಡಿ ಬಂದೆ. ಕಾಲೊತ್ತಿದೆ, ಔಷಧ ಕುಡಿಸಿದೆ, ಮಗ್ಗುಲು ಬದಲಿಸಿದೆ. ಹೆಲೆನ್ ಮಾತು ತೆಗೆದರೆ ಸಾಕು, ಗೋಡೆಗೆ ಮುಖ ಮಾಡುತ್ತಿದ್ದರು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ, ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಹೂಂ ಇಲ್ಲ, ಊಹೂಂ ಇಲ್ಲ. ಹಾಗೆಯೇ ಹೋಗಿಬಿಟ್ಟರು.

ಸಮುದ್ರ ದಾಟಿದವನ ಕೈಯ ಪಿಂಡ ನಡೆಯದೆಂದು ಕಾಕಾ ಮೊದಲು ನನಗೆ ಪಂಚಗವ್ಯ ಕುಡಿಸಿ ಪ್ರಾಯಶ್ಚಿತ್ತ ಮಾಡಿಸಿದರು. ಅಪ್ಪನ ಮಲಮೂತ್ರ ಬಾಚುವಾಗ ಈ ಕೈಗಳಿಗೆ ಇಲ್ಲದ ಮೈಲಿಗೆ ಈಗ ಎಲ್ಲಿಂದ ಬಂತೋ! ಅವ್ವನ ಮುಖ ನೋಡಿ ಕುಡಿದೆ.

ಹತ್ತನೆಯ ದಿನ ಬೆಳಿಗ್ಗೆ ಓಂಕಾರೇಶ್ವರದ ಬಳಿ ಮುಠಾ ನದಿಯ ದಂಡೆಗೆ ಹೋದೆವು. ಪಿಂಡವಿಟ್ಟು ಹಿಂದೆ ಸರಿದು ನಿಂತೆವು. ಕಟ್ಟೆಯ ತುಂಬ ಕಾಗೆಗಳು. ಪಕ್ಕದಲ್ಲಿ ತಾಮ್ರದ ಕೆಲಸದವರ ಮನೆಯವರು ಪಿಂಡ ಇಟ್ಟು ಕೈ ತೆಗೆಯುವ ಮೊದಲೇ ಬಂದು ಮುಟ್ಟಿದವು. ನಮ್ಮದನ್ನು ಒಂದೂ ಮೂಸಿ ನೋಡಲಿಲ್ಲ.

ಸತ್ತವರ ಆಸೆ ನೆರವೇರಿಸುವೆನೆಂದು ಮಾತು ಕೊಟ್ಟರೆ ಕಾಗೆ ಮುಟ್ಟುತ್ತದಂತೆ. ಅವ್ವನನ್ನು ನೋಡಿಕೊಳ್ಳುತ್ತೇನೆ ಎಂದೆ. ತಂಗಿಯರ ಮದುವೆ ಮಾಡುತ್ತೇನೆ ಎಂದೆ. ಎರಡೂ ಮನಸ್ಸಿನಿಂದ ಬಂದ ಮಾತುಗಳೇ. ಕಾಗೆಗಳು ಕೂತಲ್ಲೇ ಕೂತಿದ್ದವು.

"ಅಣ್ಣನ ಆಸೆ ಏನಂತ ಎಲ್ಲಾರಿಗೂ ಗೊತ್ತದ," ಎಂದರು ಕಾಕಾ. "ಆ ಬಿಳೀ ಹುಡುಗೀನ ಬಿಟ್ಟೆ ಅನ್ನು. ನಿಮ್ಮ ಕಾಕೂನ ಅಣ್ಣನ ಮಗಳನ್ನ ಮಾಡ್ಕೋತೀನಿ ಅನ್ನು. ತಂದಿನ ಉಪವಾಸ ಕೆಡವಬ್ಯಾಡ."

ಸುತ್ತ ನೆಂಟರು, ಬೋಳಿಸಿದ ತಲೆಯ ಮೇಲೆ ಬಿಸಿಲು, ಮೈಮೇಲೆ ಒದ್ದೆ ಪಂಚೆ. ಸತ್ತ ತಂದೆಯ ಹಸಿವನ್ನು ಮುಂದಿಟ್ಟುಕೊಂಡು ಹೆಂಡತಿಯ ತವರಿನ ಹೆಣ್ಣು ಗಂಟುಹಾಕುವ ಈ ವ್ಯಾಪಾರ ಕಂಡು ನನಗೆ ಹೇಸಿಗೆಯಾಯಿತು. ಆದರೂ ಹಲ್ಲು ಕಚ್ಚಿ ಎರಡೂ ಮಾತನ್ನು ಗಟ್ಟಿಯಾಗಿ ಹೇಳಿದೆ.

ಹೇಳಿದ್ದೇ ತಡ, ಕಟ್ಟೆಯ ಮೇಲಿದ್ದ ಕಾಗೆಗಳೆಲ್ಲ ಒಟ್ಟಿಗೆ ಎದ್ದು ನದಿ ದಾಟಿ ಹೋದವು. ಯಾರೂ ಕಲ್ಲೆಸೆದಿರಲಿಲ್ಲ, ಚಪ್ಪಾಳೆ ತಟ್ಟಿರಲಿಲ್ಲ. ಕಟ್ಟೆ ಬರಿದಾಯಿತು.

ಕಾಗೆ ಬಾರದಿದ್ದರೆ ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸುವ ಪದ್ಧತಿಯುಂಟು. ಕರ್ಮ ಮಾಡಿಸುತ್ತಿದ್ದ ಗುರೂಜಿ ದರ್ಭೆ ಹೊಸೆಯಲು ಕೂತರು. ನಾನು ಕಣ್ಣು ಮುಚ್ಚಿದೆ. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಅಪ್ಪಾ, ಈಗ ಹೇಳಿದ್ದು ಸುಳ್ಳು. ನಾನು ಅವಳನ್ನೇ ಮದುವೆಯಾಗುತ್ತೇನೆ. ನಿನಗೆ ಬೇಡವಾದರೆ ಹಸಿದುಕೊಂಡೇ ಇರು. ತುಟಿ ಅಲುಗಿಸದೆ ಇಷ್ಟು ಅಂದುಕೊಂಡೆ.

"ಕಾವಳಾ ಶಿವಲಾ! ಶಿವಲಾ!" ಎಂದು ಗುರೂಜಿ ಮರಾಠಿಯಲ್ಲಿ ಕೂಗಿದರು. ಕಾಗೆ ಮುಟ್ಟಿತು ಎಂದು. ಕಣ್ಣು ತೆರೆದೆ. ಒಂದೇ ಒಂದು ಕಾಗೆ ಪಿಂಡದ ಮೇಲೆ ಕಾಲಿಟ್ಟು ನಿಧಾನವಾಗಿ ತಿನ್ನುತ್ತಿತ್ತು.

"ನೋಡಿದ್ಯಾ? ಅಣ್ಣ ಒಪ್ಪಿದ!" ಎಂದು ಕಾಕಾ ಹೆಗಲು ತಟ್ಟಿದರು. ನಾನು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಅವರ ಮುಖ ಕಪ್ಪಿಟ್ಟಿತು. "ಬಾಯಿಲೆ ಆಡಿದ್ದು ನಾವೆಲ್ಲಾ ಕೇಳೇವಿ. ಮನಸ್ಸಿನ್ಯಾಗ ಅಂದದ್ದಕ್ಕ ಸಾಕ್ಷಿ ಯಾರಲೇ?"

ಮನೆಗೆ ಬಂದಾಗ ಅವ್ವ ಮೂಲೆಯ ಕೋಣೆಯಲ್ಲಿ ಕೂತಿದ್ದಳು. ಕಾಕಾ ತಮ್ಮದು ಹೇಳಿದರು, ನಾನು ನನ್ನದು ಹೇಳಿದೆ. ಅವ್ವ ನನ್ನ ಕಡೆ ತಿರುಗಿದಳು.

"ಕಾಗಿ ಎಲ್ಲಾ ಹಾರಿಹೋದದ್ದು ಖರೇ ಏನು?"

"ಖರೇ, ಅವ್ವಾ."

"ನಿಮ್ಮಪ್ಪ ಭಾಳ ಹಟಮಾರಿ ಇದ್ದರು. ಒಲ್ಲೆ ಅಂತಿದ್ದರ ಮುಟ್ಟತಿರಲಿಲ್ಲ. ಹೋಗಿ ಕರ್ಕೊಂಡು ಬಾ."

"ವೈನಿ, ತಿಳಿದು ಮಾತಾಡ್ರಿ!" ಎಂದು ಕಾಕಾ ಅತ್ತಿಗೆಯ ಮೇಲೆ ರೇಗಿದರು. "ಮನ್ಯಾಗ ಎರಡು ಹುಡುಗ್ಯಾರು ಅದಾರ."

"ನಾ ಹಡದೀನಿ ಅವರನ್ನ. ನನಗ ಗೊತ್ತದ," ಎಂದಳು ಅವ್ವ.

ಕಾಕಾ ಅಂದೇ ನಮ್ಮ ಹೊಸ್ತಿಲು ಬಿಟ್ಟವರು ಮತ್ತೆ ತುಳಿಯಲಿಲ್ಲ. ಹೆಲೆನ್ ಬಂದಳು. ತಂಗಿಯರ ಮದುವೆ ತಡವಾಗಿ, ದೂರದ ಊರುಗಳಲ್ಲಿ ಆಯಿತು. ಅವ್ವನನ್ನು ನೆಂಟರು ಒಂದು ಮುಂಜಿಗೂ ಕರೆಯಲಿಲ್ಲ, ಅವಳೂ ಒಂದು ದಿನ ಗೊಣಗಲಿಲ್ಲ. ನಾನು ಅವಳ ಪಾಲಿಗೂ ಸೇರಿಸಿ ಗೊಣಗಿದ್ದೇನೆ.

ಆ ದಿನ ಕಾಗೆಗಳು ಏಕೆ ಎದ್ದುಹೋದವು, ಒಂದೇ ಏಕೆ ಹಿಂದಿರುಗಿತು, ನನಗೆ ತಿಳಿಯದು. ನದಿಯಾಚೆ ಬೇರೆ ಕೂಳು ಕಂಡಿರಬಹುದು ಎಂದು ನನ್ನೊಳಗಿನ ವೈದ್ಯ ಹೇಳುತ್ತಾನೆ. ಹೇಳುವಾಗ ಅವನ ದನಿಯಲ್ಲಿ ಜೋರಿರುವುದಿಲ್ಲ.

ನಮ್ಮ ಮನೆಗೆ ಭಟ್ಟರು ಬರುವುದಿಲ್ಲವಾದ್ದರಿಂದ ಅಪ್ಪನ ತಿಥಿಗೆ ನಾನೇ ಹಿತ್ತಲ ಗೋಡೆಯ ಮೇಲೆ ಅನ್ನ ಇಡುತ್ತೇನೆ. "ಮಾವನವರು ಬಂದ್ರು ನೋಡ್ರಿ," ಎಂದು ಹೆಲೆನ್ ತನ್ನ ಮೊಂಡು ಕನ್ನಡದಲ್ಲಿ ಕರೆಯುತ್ತಾಳೆ. ಕಾಗೆ ಸತಾಯಿಸದೆ ಬರುತ್ತದೆ. ಪ್ರತಿ ವರ್ಷ ಅದರೆದುರು ನಿಂತು ಕೇಳುತ್ತೇನೆ: ಒಪ್ಪಿಗೆಯಿದ್ದರೆ ಬಾಯಿದ್ದಾಗ ಏಕೆ ಹೇಳಲಿಲ್ಲ? ಕಾಲೊತ್ತುತ್ತಾ ಕೂತಿದ್ದೆನಲ್ಲ, ಒಂದು ಹೂಂ ಅನ್ನಲಿಕ್ಕೆ ಏನಾಗಿತ್ತು?

ಕಾಗೆ ಅನ್ನ ಮುಗಿಸಿ, ಕೊಕ್ಕನ್ನು ಗೋಡೆಗೆ ಒರೆಸಿ ಹಾರಿಹೋಗುತ್ತದೆ. ಅಪ್ಪನೂ ಉಂಡು ಕೈ ತೊಳೆದು, ಒಂದು ಮಾತೂ ಆಡದೆ ಹೀಗೆಯೇ ಎದ್ದು ಹೋಗುತ್ತಿದ್ದರು.