ಯಶೋಧರಕ್ಕ ಕೇಳಿದ ಒಂದೇ ಪ್ರಶ್ನೆ

ಬಸ್ಸಿನಲ್ಲಿ ಕೂತರೆ ಯಶೋಧರಕ್ಕನ ಬಲಗೈ ಸುಮ್ಮನಿರುತ್ತಿರಲಿಲ್ಲ. ತೊಡೆಯ ಮೇಲಿನ ಕಪ್ಪು ಬ್ಯಾಗಿನ ಜಿಪ್ಪನ್ನು ಕೈ ಹಿಡಿಸುವಷ್ಟು ತೆರೆದು, ಒಳಗಿನ ಲ್ಯಾಪ್‌ಟಾಪಿನ ಬೆನ್ನಿಗೆ ಅಂಗೈ ಒತ್ತಿ, ಒಂದು ಗಳಿಗೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ತಾಯಂದಿರು ಹಾಗೆ ಕೂರುತ್ತಾರೆ. ತಣ್ಣಗಿದೆ ಎಂದು ಖಾತ್ರಿಯಾದ ಮೇಲೆ ಜಿಪ್ ಎಳೆದು ಕಿಟಕಿಯಾಚೆ ನೋಡುತ್ತಿದ್ದರು. ಅರ್ಧ ಗಂಟೆ ಕಳೆದರೆ ಮತ್ತೆ ಅದೇ.

ಒಮ್ಮೆ ಗೌರಿಬಿದನೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕಿಯೊಬ್ಬಳು ಇದನ್ನು ನೋಡಿ ನೋಡಿ ತಡೆಯಲಾರದೆ, ಒಳಗೇನಿದೆ ಎಂದು ತೆಲುಗಿನಲ್ಲಿ ಕೇಳಿದಳು. ಬೆಕ್ಕಿನ ಮರಿ ಇರಬೇಕೆಂದು ಅವಳ ಅನುಮಾನ.

"ನಿದ್ರ ಪೋನಿ ಬಿಡ್ಡಮ್ಮಾ" ಅಂದರು ಯಶೋಧರಕ್ಕ. ನಿದ್ದೆ ಮಾಡದ ಮಗು ಎಂದರ್ಥ. ಮುದುಕಿ ಬ್ಯಾಗಿನಿಂದ ಒಂದಿಷ್ಟು ದೂರ ಸರಿದು ಕೂತಳು. ಚಿಕ್ಕಬಳ್ಳಾಪುರ ಬರುವವರೆಗೂ ಯಶೋಧರಕ್ಕನೂ ನಾನೂ ನಗು ಹಿಡಿದುಕೊಂಡೇ ಬಂದೆವು.

ಆಗ ನಾನು ಚಿಕ್ಕಬಳ್ಳಾಪುರದ ಒಂದು ಖಾಸಗಿ ಸಂಸ್ಥೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಓದು ಮುಗಿದಿತ್ತು, ನಗರಗೆರೆಯ ನಮ್ಮ ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಅದರಿಂದ ತಪ್ಪಿಸಿಕೊಳ್ಳಲು ಚಿಕ್ಕಪ್ಪನಿಗೆ ದುಂಬಾಲು ಬಿದ್ದಿದ್ದೆ. ಸಂಸ್ಥೆಯ ಸಂಯೋಜಕರು ಚಿಕ್ಕಪ್ಪನಿಗೆ ಬೇಕಾದವರು, ನಮ್ಮ ಜನವೇ. ಹಾಗೆ ಸಿಕ್ಕ ಕೆಲಸ ಅದು. ಆಳದ ಕೊಳವೆಬಾವಿಗಳ ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳು ಯಾವ ಹಳ್ಳಿಯಲ್ಲಿ ಎಷ್ಟಿದ್ದಾರೆ ಎಂಬ ಸಮೀಕ್ಷೆ. ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳುವುದು, ಮಕ್ಕಳ ಹಲ್ಲಿನ ಫೋಟೊ ತೆಗೆಯುವುದು, ಎಲ್ಲವನ್ನೂ ಅಲ್ಲೇ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸುವುದು. ಆ ಲ್ಯಾಪ್‌ಟಾಪಿನ ಜವಾಬ್ದಾರಿ ಯಶೋಧರಕ್ಕನದು.

ಅವರಿಗೆ ನಲವತ್ತೈದರ ಹತ್ತಿರ ವಯಸ್ಸು. ಊರು ಜಂಗಮಕೋಟೆಯ ಕಡೆ. ಹಿಂದೆ ವರ್ಷಗಟ್ಟಲೆ ಟೈಪಿಂಗ್ ಹೇಳಿಕೊಟ್ಟವರು. ಟೈಪ್‌ರೈಟರುಗಳ ಕಾಲ ಮುಗಿದಾಗ ತಾವೇ ಕಂಪ್ಯೂಟರ್ ಕಲಿತು, ಅದನ್ನೂ ಕಲಿಸಿದರು. ಯಂತ್ರವನ್ನು ಅವರು ಮುಟ್ಟುವ ರೀತಿಯಲ್ಲೇ ಒಂದು ಮರ್ಯಾದೆ ಇತ್ತು. ಮೊದಲ ದಿನ ನಾನು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ನೇರ ಬ್ಯಾಗಿಗೆ ತುರುಕಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದರು.

"ಮುಚ್ಚಿದ್ರೆ ಆರಲ್ಲ ಕಣಮ್ಮ, ಆರಿಸಿದ್ರೆ ಆರತ್ತೆ. ಇದು ಈಗ ಬೂದಿ ಮುಚ್ಚಿದ ಕೆಂಡ. ಈ ರೂಮಿಂದ ಆ ರೂಮಿಗೆ ಹೋಗೋಕೆ ಇಷ್ಟು ನಿದ್ದೆ ಸಾಕು. ಬಸ್ ಹತ್ತೋಕೆ ಸಾಲಲ್ಲ."

ಮುಚ್ಚಳ ಮುಚ್ಚಿದರೆ ಅದು ಮಲಗುತ್ತದೆಯೇ ಹೊರತು ನಿಲ್ಲುವುದಿಲ್ಲ, ದಾರಿಯಲ್ಲಿ ತಾನಾಗಿಯೇ ಎದ್ದು ಕೆಲಸ ಶುರುಮಾಡಬಹುದು, ಬ್ಯಾಗಿನೊಳಗೆ ಗಾಳಿಯಿಲ್ಲದೆ ಕಾದು ಕಾದು ಸಾಯಬಹುದು ಎಂದು ವಿವರಿಸಿದರು. ಪೂರ್ತಿ ಆಫ್ ಮಾಡಬೇಕು, ದೀಪ ಆರುವುದನ್ನು ಕಣ್ಣಾರೆ ನೋಡಬೇಕು, ಬಿಸಿ ಇಳಿದ ಮೇಲೆ ಬ್ಯಾಗಿಗೆ ಹಾಕಬೇಕು. ನಮ್ಮದು ಹಳೆಯ ಲ್ಯಾಪ್‌ಟಾಪು, ಆಫ್ ಆಗಲು ಒಂದೊಂದು ಸಲ ಹತ್ತು ನಿಮಿಷ ಹಿಡಿಯುತ್ತಿತ್ತು. ಬಸ್ಸು ಹೋದರೆ ಹೋಗಲಿ ಎಂದು ಅವರು ಹಳ್ಳಿಯ ಶಾಲೆಯ ಜಗಲಿಯಲ್ಲಿ ಅದನ್ನೇ ನೋಡುತ್ತ ಕೂತಿರುತ್ತಿದ್ದರು. ನನಗೆ ಇದು ಅತಿ ಅನ್ನಿಸುತ್ತಿತ್ತು.

ಅವರ ಹಲ್ಲುಗಳೂ ಕಂದು. ಆ ನೀರನ್ನೇ ಕುಡಿದು ಬೆಳೆದವರು. ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಾಯಿಗೆ ಅಡ್ಡ ಹಿಡಿದ ಕೈಯನ್ನು ಏನು ಮಾಡಿದರೂ ತೆಗೆಯಲಿಲ್ಲ. ತಾಯಿ ಗದರಿದಳು, ನಾನು ಪುಸಲಾಯಿಸಿದೆ. ಯಶೋಧರಕ್ಕ ಅವಳೆದುರು ನೆಲದ ಮೇಲೆ ಕೂತು ತಮ್ಮ ಹಲ್ಲು ತೋರಿಸಿ, ಮೊದಲು ನನ್ನ ಫೋಟೊ ನೀನು ತೆಗಿ ಎಂದು ಮೊಬೈಲು ಅವಳ ಕೈಗೇ ಕೊಟ್ಟರು. ಹುಡುಗಿ ತೆಗೆದಳು. ಆಮೇಲೆ ತಾನೂ ಬಾಯಿ ತೆರೆದಳು. ಅಂಥ ಕೆಲಸ ನನ್ನಿಂದ ಯಾವತ್ತೂ ಆಗಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅವರು ತರುತ್ತಿದ್ದ ಹುಚ್ಚೆಳ್ಳು ಚಟ್ನಿಪುಡಿ ಆಫೀಸಿನಲ್ಲಿ ಎಲ್ಲರಿಗೂ ಬೇಕಾಗಿತ್ತು. ಸಂಯೋಜಕರು ಡಬ್ಬಿಗೇ ಕೈ ಹಾಕಿ ಬಡಿಸಿಕೊಳ್ಳುತ್ತಿದ್ದರು. ಒಂದು ದಿನ ತಿನ್ನುತ್ತಲೇ, ಯಶೋಧರಾ ಅಂದರೆ ನೀವು ಜೈನರಾ ಎಂದು ಕೇಳಿದರು. ಅಲ್ಲ ಸಾರ್, ಬೌದ್ಧರು, ನಮ್ಮಪ್ಪ ಊರ ಕೇರಿಯಲ್ಲಿ ಮೊದಲು ದೀಕ್ಷೆ ತಗೊಂಡವರು ಅಂದರು ಇವರು, ಸಲೀಸಾಗಿ. ಸಂಯೋಜಕರು ತಲೆಯಾಡಿಸಿದರು. ಮರುದಿನ ಹೊಟ್ಟೆ ಸರಿಯಿಲ್ಲವೆಂದು ತಮ್ಮ ಕೋಣೆಯಲ್ಲೇ ಊಟ ಮಾಡಿದರು. ಆ ಹೊಟ್ಟೆ ಆಮೇಲೆ ಸರಿಹೋಗಲೇ ಇಲ್ಲ. ನಾನು ಮಾತ್ರ ಚಟ್ನಿಪುಡಿ ಹಾಕಿಸಿಕೊಂಡು ತಿನ್ನುತ್ತಲೇ ಇದ್ದೆ. ಅದನ್ನೇ ದೊಡ್ಡ ಧೈರ್ಯವೆಂದು ತಿಳಿದುಕೊಂಡಿದ್ದೆ.

ಆ ಬೇಸಿಗೆಯಲ್ಲಿ ಅವರ ತಾಯಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಯಶೋಧರಕ್ಕ ಐದು ದಿನ ರಜೆ ಹಾಕಿ, ಲ್ಯಾಪ್‌ಟಾಪನ್ನು ನನಗೊಪ್ಪಿಸಿದರು. ಸಾಮಾನಿನ ರಿಜಿಸ್ಟರಿನಲ್ಲಿ ಸವಿತಾ ಹೆಸರಿಗೆ ಬರೆದುಕೊಳ್ಳಿ ಎಂದು ನನ್ನನ್ನು ತೋರಿಸಿ ಸಂಯೋಜಕರನ್ನು ಕೇಳಿದರು. ಐದು ದಿನಕ್ಕೆ ಅದೆಲ್ಲ ಯಾಕೆ, ಹೋಗಿ ಬನ್ನಿ ಅಂದರು ಅವರು. ಹೊರಡುವ ಮುಂಚೆ ಯಶೋಧರಕ್ಕ ನನಗೆ ಎರಡೇ ಮಾತು ಹೇಳಿದರು: ದಿನಾ ಸಂಜೆ ಪೆನ್‌ಡ್ರೈವಿಗೆ ಇಳಿಸಿಕೋ, ಆಫ್ ಮಾಡದೆ ಬ್ಯಾಗಿಗೆ ಹಾಕಬೇಡ.

ಎರಡನ್ನೂ ನಾನು ಮಾಡಲಿಲ್ಲ. ಮೊದಲ ಸಂಜೆ ತಲೆನೋವಿತ್ತು. ಎರಡನೆಯ ಸಂಜೆ ನಾಳೆ ಒಟ್ಟಿಗೆ ಇಳಿಸಿದರಾಯಿತು ಅಂದುಕೊಂಡೆ. ನಾಲ್ಕನೆಯ ದಿನ ಚಿಂತಾಮಣಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತು ಉಳಿದದ್ದನ್ನು ತುಂಬಿಸುತ್ತಿದ್ದಾಗ ಚಿಕ್ಕಬಳ್ಳಾಪುರದ ಬಸ್ಸು ಹೊರಡಲು ಹಾರ್ನು ಹೊಡೆಯಿತು. ಆಫ್ ಮಾಡಲು ಹೋದರೆ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತಿತು. ಫಟ್ಟನೆ ಮುಚ್ಚಳ ಮುಚ್ಚಿ, ಬ್ಯಾಗಿಗೆ ತುರುಕಿ, ಮೇಲೆ ನನ್ನ ದುಪಟ್ಟಾ, ಟವೆಲು ಅದುಮಿ ಓಡಿದೆ. ಬ್ಯಾಗು ಸೀಟಿನ ಕೆಳಗೆ ಹೋಯಿತು. ಶಿಡ್ಲಘಟ್ಟ ದಾಟುವ ಹೊತ್ತಿಗೆ ನನಗೆ ಒಳ್ಳೆ ನಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಇಳಿದು ಬ್ಯಾಗು ಬೆನ್ನಿಗೆ ಹಾಕಿದಾಗ ಕಾದ ಹಂಚು ತಾಗಿದಂತಾಯಿತು. ತೆರೆದು ನೋಡಿದರೆ ಲ್ಯಾಪ್‌ಟಾಪಿನ ತಳ ಡೊಂಕಾಗಿತ್ತು. ಗುಂಡಿ ಒತ್ತಿದರೆ ಜೀವವಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, ಆನ್ ಇದ್ದಂತೆಯೇ ಬ್ಯಾಗಿಗೆ ಹಾಕಿದ್ದೀರಿ ಎಂದ. ಒಳಗಿನದು ಸುಟ್ಟಿದೆ, ಡಿಸ್ಕೂ ಓದುತ್ತಿಲ್ಲ ಎಂದ. ನಾಲ್ಕು ದಿನದ ಮನೆಗಳು, ಮಕ್ಕಳ ಫೋಟೊಗಳು, ಎಲ್ಲ ಹೋದವು.

ಸಂಯೋಜಕರಿಗೆ ಅಳುತ್ತ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನೀನು ಸುಮ್ನಿರಮ್ಮ. ನಿಮ್ಮ ಚಿಕ್ಕಪ್ಪನಿಗೆ ನಾನೇನು ಹೇಳ್ಲಿ? ರಿಜಿಸ್ಟರಿನಲ್ಲಿ ಅದು ಆಯಮ್ಮನ ಹೆಸರಲ್ಲಿದೆ. ನೀನು ಆಫ್ ಮಾಡಿದ್ದೆ ಅನ್ನು, ಸಾಕು."

ಸೋಮವಾರ ಎಲ್ಲರನ್ನೂ ಒಂದೇ ಕೋಣೆಗೆ ಕರೆದರು. ಯಶೋಧರಕ್ಕ ತಾಯಿಯ ಆಸ್ಪತ್ರೆಯಿಂದ ನೇರ ಬಂದಿದ್ದರು, ಕಣ್ಣು ಕೆಂಪಾಗಿದ್ದವು. ಲ್ಯಾಪ್‌ಟಾಪು ಮೇಜಿನ ಮೇಲಿತ್ತು. ಅವರು ಅದನ್ನು ತಿರುಗಿಸಿ ತಳದ ಮೇಲೆ ಬೆರಳಾಡಿಸಿದರು. ಆಮೇಲೆ ಎಲ್ಲರೆದುರು ನನ್ನನ್ನು ಕೇಳಿದರು.

"ಆಫ್ ಮಾಡಿ ಬ್ಯಾಗಿಗೆ ಹಾಕಿದ್ಯಾ ಸವಿತಾ?"

ಸಂಯೋಜಕರು ಮುಂದಿದ್ದ ಕಾಗದ ಓದುತ್ತಿದ್ದರು. ಫ್ಯಾನಿನ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ.

"ಮಾಡಿದ್ದೆ ಅಕ್ಕ" ಅಂದೆ.

ಯಶೋಧರಕ್ಕ ನನ್ನನ್ನು ಎಷ್ಟು ಹೊತ್ತು ನೋಡಿದರೋ ಗೊತ್ತಿಲ್ಲ, ನಾನು ತಲೆ ಎತ್ತಲಿಲ್ಲ. ವಾದ ಮಾಡುತ್ತಾರೆ, ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಅವರು ಲ್ಯಾಪ್‌ಟಾಪನ್ನು ಮತ್ತೆ ನೆಟ್ಟಗೆ ತಿರುಗಿಸಿಟ್ಟರು. ಹಾಗಾದರೆ ಅದು ಮೊದಲೇ ಕೆಟ್ಟಿತ್ತು, ಇಟ್ಟುಕೊಂಡವರ ನಿರ್ಲಕ್ಷ್ಯ ಎಂದು ಸಂಯೋಜಕರು ತೀರ್ಮಾನ ಹೇಳಿದರು. ಇಂಥ ವಸ್ತು ಇಟ್ಟುಕೊಳ್ಳುವುದಕ್ಕೂ ಅಭ್ಯಾಸ ಬೇಕು ಎಂದು ಸೇರಿಸಿದರು. ಯಂತ್ರಗಳ ಜೊತೆಗೇ ಅರ್ಧ ಆಯುಷ್ಯ ಕಳೆದವರಿಗೆ ಹೇಳಿದ ಮಾತು ಅದು. ಅದರ ಅರ್ಥ ಆ ಕೋಣೆಯಲ್ಲಿದ್ದ ಎಲ್ಲರಿಗೂ ಆಯಿತು. ಯಾರೂ ಚಕಾರವೆತ್ತಲಿಲ್ಲ.

ಯಶೋಧರಕ್ಕ ಅದೇ ದಿನ ಕೆಲಸ ಬಿಟ್ಟರು. ಬಿಡಿಸಿದರು ಅನ್ನುವುದೇ ಸರಿ. ಹಿಂದಿನ ಹಳ್ಳಿಗಳ ಪೆನ್‌ಡ್ರೈವುಗಳನ್ನು ನನ್ನ ಮೇಜಿನ ಮೇಲಿಟ್ಟು, ಹೆಸರು ಬರೆದು ಅಂಟಿಸಿದೆ, ನೋಡ್ಕೊ ಎಂದು ಹೇಳಿ ಹೋದರು. ವಾರದೊಳಗೆ ಅವರ ಕುರ್ಚಿ ನನ್ನದಾಯಿತು.

ಕಳೆದುಹೋದ ಮನೆಗಳಿಗೆ ನಾನೇ ಮತ್ತೆ ಹೋಗಬೇಕಾಯಿತು. ದೊಡ್ಡವರು, ಹೋದ ವಾರ ತಾನೇ ಬರೆದುಕೊಂಡಿರಲ್ಲ, ಅದೇನಾಯಿತು ಅಂದರು. ಮಕ್ಕಳು ಎರಡನೆಯ ಸಲ ಬಾಯಿ ತೆರೆಯಲಿಲ್ಲ. ತೋರಿಸಿ ಒಲಿಸೋಣವೆಂದರೆ ನನ್ನ ಹಲ್ಲು ಬೆಳ್ಳಗಿವೆ. ನಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲಿಂದಲೂ ಕುಡಿಯಲು ದೂರದ ಸಿಹಿನೀರನ್ನೇ ತರಿಸುತ್ತಿದ್ದರು. ಎಷ್ಟೋ ಮನೆಗಳ ಎದುರು 'ಫೋಟೊ ಸಿಗಲಿಲ್ಲ' ಎಂದು ಬರೆದೆ. ವರದಿ ಹಾಗೇ ಹೋಯಿತು. ಅದನ್ನು ಓದಿದವರು ಯಾರಾದರೂ ಇದ್ದಾರೋ ಇಲ್ಲವೋ.

ನಾಲ್ಕು ವರ್ಷದ ನಂತರ ಒಂದು ದಿನ ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಒಂದು ಅರ್ಜಿಯನ್ನು ತುರ್ತಾಗಿ ಕಳಿಸಬೇಕಾಯಿತು. ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಅಂಗಡಿ ಕಂಡು ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದು ಕುರ್ಚಿಯಲ್ಲಿ ಕೂತ ಮೇಲೆಯೇ ಕಂಪ್ಯೂಟರಿನ ಆಚೆ ಇರುವವರು ಯಾರೆಂದು ತಿಳಿದದ್ದು. ಕೂದಲು ಪೂರ್ತಿ ನರೆತಿತ್ತು. ಹೇಳಿ ಮೇಡಂ, ಏನಾಗಬೇಕಿತ್ತು ಎಂದು ಕೇಳಿದರು. ಗುರುತು ಸಿಕ್ಕಿಲ್ಲವೇನೋ ಅಂದುಕೊಂಡೆ. ಆದರೆ ಅವರು ನನ್ನ ಹೆಸರನ್ನೂ, ಹೋಬಳಿ ನಗರಗೆರೆ ಎಂಬುದನ್ನೂ ಕೇಳದೆಯೇ ಟೈಪ್ ಮಾಡಿದರು.

ಎದ್ದು ಹೋಗಿಬಿಡಬಹುದಿತ್ತು.

"ಅಕ್ಕ, ಆವತ್ತು ನಾನು ಆಫ್ ಮಾಡಿರಲಿಲ್ಲ" ಅಂದೆ.

ಅವರ ಬೆರಳು ಕೀಲಿಗಳ ಮೇಲೆ ನಿಲ್ಲಲಿಲ್ಲ.

"ಅದು ನನಗೆ ಗೊತ್ತಿತ್ತು ಮೇಡಂ. ತಿಳ್ಕೊಳ್ಳೋಕೆ ನಾನು ಕೇಳಿರ್ಲಿಲ್ಲ. ಅಲ್ಲಿದ್ದೋರ್ಗೆಲ್ಲ ಗೊತ್ತಾಗ್ಲಿ ಅಂತ ಕೇಳಿದ್ದು. ಈಗ ಇಲ್ಲಿ ಅವ್ರು ಯಾರಿದ್ದಾರೆ?"

ತಾಯಿ ಹೇಗಿದ್ದಾರೆ ಎಂದು ಕೇಳಿದೆ. ಹೋದರು ಅಂದರು, ಅಷ್ಟೇ. ಪ್ರಿಂಟರು ಗರಗರ ಸದ್ದು ಮಾಡಿ ಎರಡು ಹಾಳೆ ಉಗುಳಿತು. ಅವುಗಳನ್ನು ನೀಟಾಗಿ ಜೋಡಿಸಿ, ಪಿನ್ ಹೊಡೆದು, ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದರು. ನಾನು ಸಹಿ ಮಾಡಿದೆ. ಅವರು ಅದನ್ನು ಒಮ್ಮೆ ಪರೀಕ್ಷಿಸಿ ನನ್ನ ಕೈಗಿಟ್ಟರು. ಆಮೇಲೆ ನನ್ನ ಭುಜದಾಚೆ ನೋಡಿ, ಮುಂದಿನವರು ಬನ್ನಿ ಅಂದರು. ನಾನು ಕುರ್ಚಿ ಬಿಟ್ಟು ಎದ್ದೆ.