ಅತ್ತೆ ಮೀಸಿದ ಮೊಟ್ಟೆಗಳು

ನಮ್ಮ ಕಡೆ ಸ್ನಾನ ಮಾಡುವುದಕ್ಕೆ ಮೀಯುವುದು ಅನ್ನುತ್ತೇವೆ, ಇನ್ನೊಬ್ಬರಿಗೆ ಮಾಡಿಸಿದರೆ ಅದು ಮೀಸುವುದು. ನನ್ನ ಅತ್ತೆಗೆ ಕೂಸು ಮೀಸುವುದರಲ್ಲಿ ಹೆಸರಿತ್ತು. ನಾವುಂದದ ಕಡಲ ಬದಿಯ ನಮ್ಮ ಕೇರಿಯಲ್ಲಿ ಯಾರಿಗೆ ಹೆರಿಗೆಯಾದರೂ, ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬಂದ ಬೆಳಿಗ್ಗೆ ನಮ್ಮ ಅಂಗಳದಲ್ಲಿ "ಹ್ವಾಯ್, ಅಮ್ಮ ಇದ್ರಾ?" ಎಂಬ ಕೂಗು ಕೇಳುತ್ತಿತ್ತು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದರು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಒಂದು ಕೈಯಲ್ಲಿ ನೀರು ಹೊಯ್ಯುತ್ತ ಇನ್ನೊಂದು ಕೈಯನ್ನು ಹಣೆಗೆ ಅಡ್ಡ ಹಿಡಿಯುತ್ತಿದ್ದರು. ಕಣ್ಣಿಗೆ ಒಂದು ಹನಿ ಇಳಿಯುತ್ತಿರಲಿಲ್ಲ. ಕಿರುಚುತ್ತಿದ್ದ ಕೂಸು ಅವರ ಕೈ ತಾಗಿದ ಮೇಲೆ ಸುಮ್ಮನಾಗುತ್ತಿತ್ತು. ನನ್ನ ಮಗಳನ್ನು ಮೀಸಿದ್ದೂ ಅವರೇ, ಅದಕ್ಕೆ ಮೊದಲು ಅವಳ ಅಪ್ಪನನ್ನು ಮೀಸಿ ದೊಡ್ಡ ಮಾಡಿದ್ದೂ ಅವರೇ.

ಆ ಅಪ್ಪ, ಅಂದರೆ ನನ್ನ ಗಂಡ, ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕಡಲಿಗೆ ಹೋದವರು ತಿರುಗಿ ಬರಲಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ. ಮಳೆಗಾಲ ಕಳೆದು ದೋಣಿ ಇಳಿಸಿದ ಹೊಸತು. ದೋಣಿ ಮಗುಚಿತು, ಜೊತೆಗಿದ್ದ ಇಬ್ಬರು ಈಜಿ ದಡ ಸೇರಿದರು. ಇವರನ್ನು ಬೈಂದೂರಿನವರೆಗೂ, ಆಚೆ ಕುಂದಾಪುರದ ಅಳಿವೆಯವರೆಗೂ ಹುಡುಕಿದರು. ಸಿಗಲಿಲ್ಲ.

ಹೆಣ ಸಿಗದಿದ್ದರೆ ಸಾವು ಅರ್ಧಕ್ಕೇ ನಿಂತುಬಿಡುತ್ತದೆ. ಹಿರಿಯರು ಬಂದು, ಇನ್ನು ಬೊಜ್ಜ ಮಾಡಿ ಮುಗಿಸುವ ಅಂದರು. ಬೊಜ್ಜ ಅಂದರೆ ಉತ್ತರಕ್ರಿಯೆ. ಅತ್ತೆ ಒಪ್ಪಲಿಲ್ಲ.

"ಕಡೀ ಸಲ ಮೀಸುಕೆ ನಂಗೆ ಅವ ಸಿಕ್ಲಿಲ್ಲೆ. ಮೀಸದೆ ಕಳ್ಸುಕೆ ಆತ್ತಾ? ಅವ ಎಲ್ಲೋ ದಡ ಹತ್ತಿರ್ತ. ಬತ್ತ" ಅಂದರು.

ಹಾಗಾಗಿ ನಾನು ಕುಂಕುಮ ಇಟ್ಟುಕೊಂಡೇ ಇದ್ದೆ. ಬಾವಿಕಟ್ಟೆಯಲ್ಲಿ ಕೆಲವರು ನನ್ನ ಹಣೆ ನೋಡಿ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ನಾನೇ ಸುಮ್ಮನೆ ಬರಿ ಹಣೆಯಲ್ಲಿ ಒಳಗಿಂದ ಹೊರಬಂದಾಗ ಅತ್ತೆ ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಬಿಸಾಡಿ, ಕುಂಕುಮದ ಭರಣಿ ತಂದು ನನ್ನ ಮುಂದೆ ಹಿಡಿದಿದ್ದರು. ಕಡಲ ದಡಕ್ಕೆ ಮಾತ್ರ ಅವರು ಹೋಗುವುದನ್ನೇ ಬಿಟ್ಟರು. ಜಗಲಿಯಲ್ಲಿ ಕೂರುವಾಗಲೂ ಕಡಲಿಗೆ ಬೆನ್ನು.

ಶಾಲೆಗೆ ಆಮೆ ಟೀಚರ್ ಬರತೊಡಗಿದ್ದು ಅದಾಗಿ ಒಂದು ವರ್ಷಕ್ಕೆ. ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುತ್ತಿದ್ದ ಚಿಕ್ಕ ಪ್ರಾಯದ ಹುಡುಗಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿ ಏಡಿಯ ತೂತು, ಚಿಪ್ಪು, ಬಳ್ಳಿ, ಕಡಲಾಮೆ ಹೀಗೆ ಒಂದೊಂದೇ ತೋರಿಸಿ, ಮುಟ್ಟಿಸಿ ಕಲಿಸುತ್ತಿದ್ದಳು. ಮಕ್ಕಳ ಜೊತೆ ಮನೆಯವರೂ ಬರಬೇಕು ಎಂಬುದು ಅವಳ ಹಟ. ಮೊದಲ ಶನಿವಾರ ನಾವು ಹೆಂಗಸರು ಗಾಳಿಮರಗಳ ಬುಡದಲ್ಲಿ ಕೂತು ಅವಳನ್ನು ಗೋಳು ಹೊಯ್ದುಕೊಂಡದ್ದೇ ಹೊಯ್ದುಕೊಂಡದ್ದು.

"ಹ್ವಾಯ್ ಟೀಚರೇ, ನಾವ್ ಹುಟ್ಟಿದಲ್ಲಿಂದ ಕಡ್ಲ್ ಕಾಂತೇ ಇತ್ತ್. ನೀವ್ ಬಸ್ ಹತ್ತಿ ಬಂದ್ ನಮ್ಗೆ ಕಡ್ಲ್ ತೋರ್ಸುದಾ?" ಅಂದಳು ಪಕ್ಕದ ಮನೆಯವಳು.

"ತೋರ್ಸುಕಲ್ಲ ಅಕ್ಕ, ನೀವ್ ಕಂಡದ್ದನ್ನ ನಂಗೂ ಹೇಳಿ ಅಂತ ಕರ್ದದ್ದ್."

"ನಾ ಕಂಡದ್ದಾ? ನಮ್ಮಜ್ಜ ಆಮೆ ಮೊಟ್ಟೆ ಸಾರ್ ಮಾಡಿ ಉಂಬುದನ್ನ ಕಂಡಿದೆ. ಅದನ್ನೂ ಬರ್ಕಣಿ!"

ಎಲ್ಲರೂ ನಕ್ಕೆವು, ಟೀಚರೂ ನಕ್ಕಳು. ಬೈಯಲಿಲ್ಲ. ಅದಕ್ಕೇ ಮುಂದಿನ ಶನಿವಾರ ಇನ್ನಷ್ಟು ಜನ ಬಂದರು.

ಅವಳು ಆಡಿಸುತ್ತಿದ್ದ ಒಂದು ಆಟ ಈಗಲೂ ಕಣ್ಣಿಗೆ ಕಟ್ಟಿದೆ. ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಮೊಣಕೈ ಆಳದ ಗುಂಡಿ ತೋಡಿ ಅದರಲ್ಲಿ ಟೇಬಲ್ ಟೆನ್ನಿಸ್ ಚೆಂಡು ಹೂಳಿಡುತ್ತಿದ್ದಳು. ಒಂದೊಂದನ್ನೇ ತೆಗೆಯುವ ಮೊದಲು ಅದರ ನೆತ್ತಿಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಆ ಗುರುತು ಮೇಲೇ ಇರುವ ಹಾಗೆ, ಹೊಯ್ಗೆ ತುಂಬಿದ ಬಾಲ್ದಿಯಲ್ಲಿ ಇಡಬೇಕು. ಮೊಟ್ಟೆಯಿಟ್ಟು ಕೆಲವು ಗಂಟೆ ಕಳೆಯುವುದರೊಳಗೆ ಜೀವದ ಚುಕ್ಕೆ ಮೇಲಿನ ಸಿಪ್ಪೆಗೆ ಅಂಟಿಕೊಳ್ಳುತ್ತದಂತೆ. ಮೊಟ್ಟೆ ಮಗುಚಿದರೆ ಅದು ಅಲ್ಲಿಂದ ಕಳಚಿಕೊಳ್ಳುತ್ತದೆ, ಆಮೇಲೆ ಬದುಕುವುದಿಲ್ಲ. "ಮೇಲಿದ್ದದ್ ಮೇಲೇ!" ಅಂತ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದರು. ನಾವು ಅಮ್ಮಂದಿರೂ ಆಡಿ ಸೋತೆವು. ಪಕ್ಕದ ಮನೆಯವಳ ಬಾಲ್ದಿ ನೋಡಿ ಟೀಚರ್, "ಅಕ್ಕ, ನಿಮ್ಮ ಮರಿ ಎಲ್ಲ ಸತ್ತ್ ಹೋಯ್ತ್" ಅಂದಾಗ ನನ್ನ ಮಗಳು ಜೋರಾಗಿ ನಕ್ಕಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಈಗ ಅವಳೂ ಟೀಚರ್. ಮಕ್ಕಳನ್ನೂ ಅವರ ಮನೆಯವರನ್ನೂ ಇದೇ ದಡಕ್ಕೆ ಕರೆತಂದು ಇದೇ ಆಟ ಆಡಿಸುತ್ತಾಳೆ. "ಮೇಲಿದ್ದದ್ ಮೇಲೇ" ಅಂತ ಹೇಳಿಸುವಾಗ ಮಾತ್ರ ಅವಳು ಯಾರ ಮುಖವನ್ನೂ ನೋಡುವುದಿಲ್ಲ.

ಅತ್ತೆ ಒಂದು ಶನಿವಾರವೂ ಬರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಪಕ್ಕದ ಮನೆಯವಳು ಏದುಸಿರು ಬಿಡುತ್ತ ಬಂದಳು. "ಹೆಣ್ಣೇ, ಓಡ್! ಆಮೆ ಮೊಟ್ಟೆ ಇಟ್ಟಿತ್, ನಾಯಿ ಅಗೆತಾ ಇತ್ತ್!" ಮಗಳು ಬಾಲ್ದಿ, ಪೆನ್ಸಿಲ್ ಹಿಡಿದು ಓಡಿದಳು. ಹಿಂದೆಯೇ ನಾನು. ನಾಯಿಯನ್ನು ಅಟ್ಟಿ, ಅವಳು ಹೊಯ್ಗೆಯಲ್ಲಿ ಕವುಚಿ ಮಲಗಿ, ಕೈ ಇಳಿಸಿ, ಒಂದೊಂದೇ ಮೊಟ್ಟೆಗೆ ಗುರುತು ಹಾಕಿ ತೆಗೆದಳು. ನನಗೆ ಮುಟ್ಟಲು ಬಿಡಲಿಲ್ಲ. ನೂರರ ಹತ್ತಿರ ಇದ್ದಿರಬೇಕು. ಬಾಲ್ದಿಯನ್ನು ನಾವಿಬ್ಬರೂ ಎರಡು ಕಡೆ ಹಿಡಿದು, ತುಂಬಿದ ಪಾಯಸದ ಪಾತ್ರೆ ಹೊತ್ತವರ ಹಾಗೆ ನಡೆದು ಬಂದು ಜಗಲಿಯ ನೆರಳಿನಲ್ಲಿ ಇಟ್ಟೆವು. ಹೂಳುವುದು ಟೀಚರ್ ಎದುರಿಗೇ ಆಗಬೇಕಿತ್ತು, ಅವಳಿಗೆ ಫೋನ್ ಮಾಡಲು ಹೈವೇ ಬದಿಯ ಬೂತಿಗೇ ಹೋಗಬೇಕಿತ್ತು. ಮಗಳು ಅಜ್ಜಿಗೆ, "ನಾಯಿ, ಕಾಕೆ ಬಪ್ಪುಕೆ ಬಿಡ್ಬೇಡಿ ಅಜ್ಜಿ. ದೇವರ ಮಕ್ಳಿದ್" ಅಂತ ಹೇಳಿ ನನ್ನ ಜೊತೆ ಹೊರಟಳು.

ದೇವರ ಮಕ್ಕಳು ಅಂದದ್ದು ಅಜ್ಜಿಗೆ ಅರ್ಥವಾಗಲಿ ಎಂದು. ಹಿಂದೆ ಮೊಟ್ಟೆ ತಿಂದವರಿದ್ದರೂ ನಮ್ಮವರಿಗೆ ಕಡಲಾಮೆ ದೇವರೇ. ಬಲೆಗೆ ಬಿದ್ದರೆ ಬಿಡಿಸಿ, ಬೆನ್ನಿಗೆ ನೀರು ಹೊಯ್ದು, ಕುಂಕುಮ ಹಚ್ಚಿ, ಕೈಮುಗಿದು ಕಡಲಿಗೆ ಬಿಡುವುದು ವಾಡಿಕೆ.

ಬೂತಿನಲ್ಲಿ ಲೈನ್ ಸಿಗಲು ಹೊತ್ತು ಹಿಡಿಯಿತು. ಟೀಚರ್ ಸಿಕ್ಕಳು, ಬಸ್ಸು ಹತ್ತಿ ಬಂದಳು. ಅವಳು ಇಳಿಯುವವರೆಗೆ ಸ್ಟಾಪಿನಲ್ಲೇ ಕಾದು, ಮೂವರೂ ಒಟ್ಟಿಗೇ ಮನೆಗೆ ಬಂದೆವು.

ಬಾಲ್ದಿ ಖಾಲಿಯಾಗಿ ಅಂಗಳದಲ್ಲಿ ಕವುಚಿಕೊಂಡಿತ್ತು. ಜಗಲಿಯ ಮೇಲೆ ಅತ್ತೆಯ ಮೆತ್ತನೆಯ ಹಳೇ ಸೀರೆ ಹಾಸಿತ್ತು. ಅದರ ಮೇಲೆ ಮೊಟ್ಟೆಗಳು. ತೊಳೆದು, ಒರೆಸಿ, ಸಾಲಾಗಿ ಇಟ್ಟ ಬೆಳ್ಳನೆಯ ಮೊಟ್ಟೆಗಳು. ಪ್ರತಿಯೊಂದಕ್ಕೂ ನನ್ನ ಭರಣಿಯ ಕುಂಕುಮದ ಒಂದು ಬೊಟ್ಟು. ಅತ್ತೆ ಕಾಲು ನೀಡಿ ಕೂತು ಕೊನೆಯ ಮೊಟ್ಟೆಯ ಮೇಲೆ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದರು. ಇನ್ನೊಂದು ಕೈ, ಅಭ್ಯಾಸಬಲದಿಂದ, ಇಲ್ಲದ ಹಣೆಗೆ ಅಡ್ಡ ಹಿಡಿದಿತ್ತು.

"ಬನ್ನಿ ಟೀಚರೇ, ಕೂಕಣಿ" ಅಂದರು ಅತ್ತೆ. ಅವರ ಮುಖದಲ್ಲಿ ಅಷ್ಟು ಗೆಲುವು ನೋಡಿ ಒಂದೂವರೆ ವರ್ಷವಾಗಿತ್ತು. "ಎಲ್ಲಾ ಮಕ್ಳನ್ನೂ ಮೀಸಿದೆ. ಬಿಸಿನೀರಲ್ಲ, ಉಗುರ್ ಬೆಚ್ಚ. ಯಾರೋ ಪೆನ್ಸಿಲಂಗೆ ಗೀಚಿ ಇಟ್ಟಿದ್ರ್, ಅದನ್ನೂ ತಿಕ್ಕಿ ತೆಗ್ದೆ."

ಮಗಳು ಬಾಯಿ ತೆರೆದಳು. ಟೀಚರ್ ಅವಳ ಭುಜ ಹಿಡಿದಳು. ಆ ಹುಡುಗಿಗೆ ಆಗ ಇಪ್ಪತ್ತೈದೂ ಆಗಿರಲಿಕ್ಕಿಲ್ಲ. ಅಷ್ಟು ಸಣ್ಣ ಪ್ರಾಯಕ್ಕೆ ಅಷ್ಟು ಅಂತಃಕರಣ ಎಲ್ಲಿಂದ ಬಂತೋ. ಮೆಟ್ಟಿಲ ಮೇಲೆ ಕೂತು, ಒಂದು ಮೊಟ್ಟೆ ಎತ್ತಿ ನೋಡಿ, "ಚೆಂದ ಮೀಸಿದ್ರಿ ಅಮ್ಮ" ಅಂದಳು.

ಗಾಳಿಮರಗಳ ಹತ್ತಿರ ಹಳೇ ಬಲೆ ಕಟ್ಟಿ ಬೇಲಿ ಮಾಡಿದ ಜಾಗದಲ್ಲಿ ಅವನ್ನು ಹೂಳಿದೆವು. ಯಾವುದರ ಯಾವ ಬದಿ ಮೇಲಿತ್ತೆಂದು ಹೇಳುವವರಿರಲಿಲ್ಲ. ಟೀಚರ್ ನನ್ನನ್ನು ಬದಿಗೆ ಕರೆದು, "ಒಂದೆರಡಾದ್ರೂ ಉಳಿಬಹುದು ಅಕ್ಕ, ಕಾಂಬ. ಅಮ್ಮಂಗೆ ಹೇಳುದ್ ಬೇಡ" ಅಂದಳು. ಮನೆಗೆ ಬಂದಮೇಲೆ ಮಗಳು ಬಾವಿಯ ಹಿಂದೆ ಕೂತು ಅತ್ತಳು. "ಅಜ್ಜಿಗೆ ಬೈಯ್ಕ್ ಅನ್ಸತ್ತ್ ಅಮ್ಮ. ಮುಖ ಕಂಡ್ರೆ ಬೈಯುಕೆ ಆತಿಲ್ಲೆ" ಅಂದಳು.

ಮಾರನೇ ಬೆಳಿಗ್ಗೆ ನಾನು ಗಂಜಿಗೆ ಅಕ್ಕಿ ಹಾಕುತ್ತಿದ್ದಾಗ ಅತ್ತೆ ತಂಬಿಗೆ ಹಿಡಿದು ದಡದ ಕಡೆ ನಡೆದರು. ತಾವಾಗಿಯೇ. ಬೇಲಿಯ ಪಕ್ಕ ಕೂತರು, ಮುಖ ಕಡಲಿಗೆ. ಅಲ್ಲಿಂದ ಮುಂದೆ ದಿನವೂ ಅಲ್ಲೇ ಅವರ ಬೆಳಗು. ಶನಿವಾರ ಮಕ್ಕಳೂ ಅಮ್ಮಂದಿರೂ ಸೇರಿದಾಗ ಅತ್ತೆಯೇ ಯಜಮಾನಿ. "ಬೇಲಿ ಮೇಲೆ ಬೀಳ್ಬೇಡಿ ಮಕ್ಳೇ, ಒಳಗೆ ಬಾಣಂತಿ ಕೋಣಿ ಇತ್ತ್!" ಅಂತ ಗದರುತ್ತಿದ್ದರು. ಟೀಚರ್ ತಂದ ಅವಲಕ್ಕಿಗೆ ಬೆಲ್ಲ ಸಾಲದು ಅಂತ ಹಾಸ್ಯ ಮಾಡುತ್ತಿದ್ದರು. ಒಂದು ದಿನ ನನಗೊಬ್ಬಳಿಗೇ ಹೇಳಿದರು:

"ಇಷ್ಟ್ ಮಕ್ಳನ್ನ ನಾವ್ ಕಡ್ಲಿಗೆ ಬಿಡ್ತ್. ಕಡ್ಲ್ ನಂಗೆ ಒಬ್ಬನ್ನ ಬಿಡುದಿಲ್ಯಾ?"

ಸೌದೆ ಸರಿಮಾಡುವ ನೆಪದಲ್ಲಿ ನಾನು ಒಲೆಯ ಕಡೆ ತಿರುಗಿದೆ. ಆ ಹೊಯ್ಗೆಯ ಕೆಳಗೆ ಒಂದೇ ಒಂದು ಮರಿ ಬದುಕಿರಲಿ ಎಂದು ಆ ದಿನಗಳಲ್ಲಿ ನಾನು ಬೇಡಿಕೊಂಡಷ್ಟು, ಸ್ವಂತ ಹೆರಿಗೆಯಲ್ಲೂ ಬೇಡಿಕೊಂಡಿರಲಿಲ್ಲ.

ಬೇಲಿಯೊಳಗೆ ಇನ್ನೊಂದು ಗೂಡಿತ್ತು, ಬೇರೆ ದಡದ ಮಕ್ಕಳು ಟೀಚರ್ ಎದುರಿಗೇ ತಂದು ಹೂಳಿದ್ದು. ಯುಗಾದಿ ಹತ್ತಿರ ಬಂದಾಗ ಅದು ಮೊದಲು ಒಡೆಯಿತು. ಬೆಳಗು ಹರಿಯುವ ಹೊತ್ತಿಗೆ ಹೊಯ್ಗೆ ಕುದಿಯುವ ಗಂಜಿಯ ಹಾಗೆ ಅಲುಗಿ, ಕರ್ರಗಿನ ಪುಟಾಣಿ ಮರಿಗಳು ಒಂದರ ಮೇಲೊಂದು ಹತ್ತಿ ಹೊರಬಂದವು. ಮಕ್ಕಳು ಎರಡು ಸಾಲಾಗಿ ನಿಂತು ದಾರಿ ಬಿಟ್ಟರು. ಮರಿಗಳು ತೆವಳುತ್ತ ಹೋಗಿ, ಅಲೆ ತಾಗಿದ ಕೂಡಲೇ ಕಾಣದಾದವು. ಅತ್ತೆ ಬಾಯಿಗೆ ಸೆರಗು ಹಿಡಿದು ನೋಡಿದರು. "ಇನ್ ನಮ್ದ್" ಅಂದರು.

ನಮ್ಮದು ಅಲುಗಲಿಲ್ಲ. ಯುಗಾದಿ ಕಳೆಯಿತು. ಬಿಸಿಲು ಏರಿತು. ಕೊನೆಗೊಂದು ಶನಿವಾರ ಟೀಚರ್, ಇನ್ನು ಗೂಡು ತೆರೆದು ನೋಡಲೇಬೇಕು ಅಂದಳು. ಅಜ್ಜಿಯನ್ನು ಮನೆಯಲ್ಲೇ ನಿಲ್ಲಿಸು ಅಂತ ಮಗಳು ನನ್ನ ಕೈ ಹಿಡಿದು ಬೇಡಿದಳು. ನಿಲ್ಲುತ್ತಾರೆಯೇ? ನಮಗಿಂತ ಮೊದಲೇ ಬಂದು ಕೂತಿದ್ದರು.

ಟೀಚರ್ ಕೈಯಿಂದ ಹೊಯ್ಗೆ ಸರಿಸಿದಳು. ಮೊದಲ ಮೊಟ್ಟೆ ಹಳದಿಗಟ್ಟಿ, ಒಂದು ಬದಿ ಕುಸಿದಿತ್ತು. ಎರಡನೆಯದೂ ಹಾಗೇ. ಒಂದೊಂದೇ ತೆಗೆದು ಬದಿಗಿಡುತ್ತ ಹೋದಳು. ಕೆಲವುಗಳ ಮೇಲೆ ಕುಂಕುಮ ತಿಳಿಯಾದ ಕಲೆಯಾಗಿ ಇನ್ನೂ ಅಂಟಿಕೊಂಡಿತ್ತು. ಕಡೆಯದನ್ನೂ ತೆಗೆದಮೇಲೆ ಅವಳು ತಲೆ ಎತ್ತಲಿಲ್ಲ.

"ಎಂತಕೆ ಆಯ್ಲಿಲ್ಲೆ?" ಅತ್ತೆ ಕೇಳಿದರು.

"ಅಜ್ಜಿ, ನೀವ್ ತೊಳ್ದ್..." ಮಗಳ ಗೆಳತಿಯೊಬ್ಬಳು ಶುರುಮಾಡಿದಳು. ಅವಳಿಗೇನು ಗೊತ್ತು, ಪಾಠದ ಉತ್ತರ ಹೇಳುವ ಉತ್ಸಾಹ.

"ಬಿಸ್ಲ್!" ಮಗಳು ಕಿರುಚಿದಳು. "ಬಿಸ್ಲ್ ಜಾಸ್ತಿ ಆಯ್ತ್ ಅಜ್ಜಿ. ಈ ವರ್ಷ ಬಿಸ್ಲ್ ಜಾಸ್ತಿ. ಅಲ್ದಾ ಟೀಚರ್?"

"ಹೌದಮ್ಮ. ಬಿಸ್ಲ್" ಅಂದಳು ಟೀಚರ್.

ಅತ್ತೆ ಬೇಲಿಯೊಳಗೆ ನೋಡಿದರು. ಮೊದಲು ಒಡೆದ ಗೂಡಿನ ಗುಂಡಿ ಅಲ್ಲೇ, ಒಂದು ಮಾರು ಆಚೆ, ಅದೇ ಬಿಸಿಲಿನಲ್ಲಿತ್ತು. ಆಮೇಲೆ ಮೊಮ್ಮಗಳ ಮುಖ ನೋಡಿದರು. ಮೊಟ್ಟೆಗಳನ್ನು ತಾವೇ ಒಂದೊಂದಾಗಿ ಗುಂಡಿಗೆ ಇಳಿಸಿ ಹೊಯ್ಗೆ ಮುಚ್ಚಿದರು. ತಂಬಿಗೆಯ ನೀರನ್ನು ಅದರ ಮೇಲೆ ಸುರಿದು ಎದ್ದರು. ದಾರಿಯಲ್ಲಿ ಮೊಮ್ಮಗಳ ಕೈ ಹಿಡಿದುಕೊಂಡೇ ಬಂದರು.

ಅಂಗಳದಲ್ಲಿ ಕಾಲು ತೊಳೆಯುತ್ತ ನನಗೆ ಹೇಳಿದರು: "ನಾಳೆ ಭಟ್ರ ಮನಿಗೆ ಹೋಯಿ ಬಾ. ಬೊಜ್ಜಕ್ಕೆ ದಿನ ಕಾಂಬುಕೆ ಹೇಳ್. ಅವ ಇನ್ ಬಪ್ಪುದಿಲ್ಲೆ."

ಭಟ್ಟರು ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಕ್ರಿಯೆ ಮಾಡಿಸಿದರು. ಅದಕ್ಕೆ ನೀರು ಹೊಯ್ಯುವಾಗ ಅತ್ತೆಯನ್ನು ಕರೆದರು. ಅವರು ಎದ್ದು ಬರಲಿಲ್ಲ. ಕಂಬಕ್ಕೆ ಒರಗಿ, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದರು. ಆ ದಿನವೇ ನನ್ನ ಹಣೆಯೂ ಬರಿದಾಯಿತು.

ಮಳೆಗಾಲ ಶುರುವಾದಾಗ ಪಕ್ಕದ ಮನೆಯವಳ ಮಗಳಿಗೆ ಹೆರಿಗೆಯಾಯಿತು. ಬೆಳಿಗ್ಗೆ ಅಂಗಳದಲ್ಲಿ ಎಂದಿನ ಹಾಗೆ ಕೂಗು: "ಹ್ವಾಯ್, ಅಮ್ಮ ಇದ್ರಾ? ನೀರ್ ಕಾದಿತ್, ಕೂಸ್ ಮೀಸುಕೆ ಬನ್ನಿ."

ಅತ್ತೆ ಜಗಲಿಯಲ್ಲಿ ನನ್ನ ರವಿಕೆಗೆ ಗುಂಡಿ ಹೊಲಿಯುತ್ತಿದ್ದರು. ತಲೆ ಎತ್ತದೆ, "ಬೇರೆ ಯಾರನ್ನಾದ್ರೂ ಕರಿ ಮಗಾ. ನನ್ ಕೈ ನಡುಗತ್ತ್" ಅಂದರು.

ಪಕ್ಕದ ಮನೆಯವಳು ತಿರುಗಿ ಹೋದಳು. ಅತ್ತೆ ಮುಗಿದ ನೂಲನ್ನು ಹಲ್ಲಿನಿಂದ ಕಡಿದು, ಹೊಸ ನೂಲಿನ ತುದಿಯನ್ನು ತುಟಿಗೆ ತಾಗಿಸಿ, ಒಂದೇ ಸಲಕ್ಕೆ ಸೂಜಿಯ ಕಣ್ಣಿಗೆ ಪೋಣಿಸಿದರು.