ತಪ್ಪಾಗಿದ್ರೆ

ವಿಭೂತಿ ಬುಧವಾರ ಕಳೆದು ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಯಿತೆಂದರೆ ನನ್ನ ಅತ್ತೆ, ಅಪ್ಪನ ಅಕ್ಕ, ಬೇಲೂರಿನಲ್ಲಿ ಬಸ್ಸು ಹತ್ತಿ ಅರಸೀಕೆರೆಯ ನಮ್ಮ ರೈಲ್ವೆ ಕ್ವಾರ್ಟರ್ಸಿಗೆ ಬರುತ್ತಿದ್ದಳು. ಆ ದಿನಗಳಲ್ಲಿ ಅವಳು ಮಾಂಸ ಬಿಡುತ್ತಿದ್ದಳು, ಕಾಫಿ ಬಿಡುತ್ತಿದ್ದಳು. ಮಾತು ಮಾತ್ರ ಬಿಟ್ಟವಳಲ್ಲ. ಯಾರೊಂದಿಗಾದರೂ ಮನಸ್ತಾಪವಿದ್ದರೆ ಈಸ್ಟರ್ ಹಬ್ಬದೊಳಗೆ ಸರಿಮಾಡಿಕೊಳ್ಳಿ ಎಂದು ಚರ್ಚಿನಲ್ಲಿ ಗುರುಗಳು ಹೇಳುತ್ತಿದ್ದರು. ಅತ್ತೆ ಸರಿಮಾಡಿಕೊಳ್ಳಲು ಬರುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿ ಮುಗಿಸುತ್ತಿದ್ದಳು: "ನನ್ನಿಂದ ಏನಾರ ತಪ್ಪಾಗಿದ್ರೆ ಕ್ಷಮಿಸ್ಬಿಡಮ್ಮ."

ಅಮ್ಮ ನೀರು ಕೊಡುತ್ತಿದ್ದಳು, ಊಟಕ್ಕೆ ಬಡಿಸುತ್ತಿದ್ದಳು. ಉತ್ತರ ಕೊಡುತ್ತಿರಲಿಲ್ಲ.

ಆದದ್ದು ಇಷ್ಟು. ಅಮ್ಮ ಹಾರನಹಳ್ಳಿಯ ಹಿಂದೂ ಮನೆಯ ಹುಡುಗಿ, ಮದುವೆಗೆ ಮುಂಚೆ ಜ್ಞಾನಸ್ನಾನ ಪಡೆದು ನಮ್ಮವಳಾದವಳು. ನನ್ನ ತಂಗಿಗೆ ಜ್ವರ ಏರಿದಾಗ ಅಮ್ಮನ ತವರಿನಿಂದ ಓಡಿಬಂದ ಅಜ್ಜಿ ಕೂಸಿನ ಕೈಗೆ ಒಂದು ಕರಿದಾರ ಕಟ್ಟಿದಳು. ಅಮ್ಮ ಅದನ್ನು ಬಿಚ್ಚಲಿಲ್ಲ. ತಂಗಿ ಉಳಿಯಲಿಲ್ಲ. ಮಣ್ಣು ಹಾಕಿದ ಜನ ಇನ್ನೂ ಅಲ್ಲೇ ನಿಂತಿರುವಾಗ ಅತ್ತೆ ಎಲ್ಲರಿಗೂ ಕೇಳುವಂತೆ ಅಂದಳು, "ಅನ್ಯದೇವ್ರ ದಾರ ಕಟ್ಸಿದ್ಲಲ್ಲ, ಅದಕ್ಕೇ ಕೂಸು ಹೋಯ್ತು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಅವಳಿಗೂ ಗೊತ್ತಿತ್ತು, ಬೇರೆಯವರಿಗೆ ಹೇಳುತ್ತಿದ್ದಳು.

ಅಂದಿನಿಂದ ಅಮ್ಮ ಚರ್ಚಿನ ಪೂಜೆಗೆ ಬರುತ್ತಿದ್ದಳು, ಗುರುಗಳು ನಾಲಿಗೆಯ ಮೇಲಿಡುವ ಪರಮಪ್ರಸಾದಕ್ಕೆ ಏಳುತ್ತಿರಲಿಲ್ಲ. ಕ್ಷಮಿಸದೆ ಅದನ್ನು ಬಾಯಿಗಿಟ್ಟುಕೊಳ್ಳಬಾರದು ಎಂದು ನಂಬಿದ್ದಳು. ಅತ್ತೆ ನಮ್ಮಲ್ಲಿ ಉಳಿದ ಭಾನುವಾರಗಳಲ್ಲಿ ಅಂದವಳು ನಾಲಿಗೆ ಚಾಚಿ ಪ್ರಸಾದ ತೆಗೆದುಕೊಂಡು ಬರುತ್ತಿದ್ದಳು, ಅನ್ನಿಸಿಕೊಂಡವಳು ತಲೆ ತಗ್ಗಿಸಿ ಬೆಂಚಿನಲ್ಲಿ ಕೂತಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ವರ್ಷ ಅಮ್ಮ ಬಾಯಿಬಿಟ್ಟಳು. "ಆಗಿದ್ರೆ ಅನ್ಬೇಡಿ ಅತ್ತಿಗೆ. ತಪ್ಪಾಯ್ತು ಅನ್ನಿ, ಇವತ್ತೇ ಮರೀತೀನಿ."

ಅತ್ತೆ ಅಪ್ಪನ ಕಡೆ ತಿರುಗಿ, ತಾನು ಕೇಳಿಯಾಯಿತು, ಕ್ಷಮಿಸದಿದ್ದರೆ ಆ ಪಾಪ ಇವಳದೇ ಎಂದು ಹೇಳಿ ಉಣ್ಣದೆ ಹೊರಟಳು. ಅಪ್ಪ ಅವಳ ಚೀಲ ಹಿಡಿದು ಬಸ್ ಸ್ಟ್ಯಾಂಡಿನವರೆಗೆ ಹೋದ.

ನಾನು ಕಾಲೇಜು ಸೇರಿದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರ ಕಳೆದ ಮೇಲೆ ಅಮ್ಮ ತಾನಾಗಿಯೇ ಹೊರಟಳು, ಜೊತೆಗೆ ನಾನು. ಹಳೇಬೀಡು ದಾಟಿ ಬೇಲೂರು ಸೇರಿದೆವು. ಮಂಚದ ಮೇಲೆ ಮಲಗಿದ್ದ ಅತ್ತೆಯ ಬಾಯಿ ಸೊಟ್ಟಗಾಗಿತ್ತು. ಅಮ್ಮನನ್ನು ಕಂಡು ಬಹಳ ಹೊತ್ತು ತಿಣುಕಿ, "ತಪ್ಪಾ..." ಅಂದಳು. ಮುಂದಿನದು ಬರಲಿಲ್ಲ. ಅಮ್ಮ ಬಗ್ಗಿ ಕಿವಿಗೊಟ್ಟು ಕಾದಳು. ಮತ್ತೂ ಅಷ್ಟೇ, "ತಪ್ಪಾ..." ತಪ್ಪಾಯ್ತು ಅನ್ನುವುದಕ್ಕೂ ತಪ್ಪಾಗಿದ್ರೆ ಅನ್ನುವುದಕ್ಕೂ ಮೊದಲು ಬರುವುದು ಅದೇ. ಅಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿ, "ಹೋಗ್ಲಿ ಬಿಡಿ ಅತ್ತಿಗೆ" ಅಂದಳು.

ಮನೆಗೆ ಬಂದು ಅಪ್ಪನಿಗೆ, ಅತ್ತಿಗೆ ತಪ್ಪಾಯ್ತು ಅಂದರು ಎಂದು ಹೇಳಿದಳು. ಪಕ್ಕದಲ್ಲೇ ಇದ್ದ ನಾನು ಸುಮ್ಮನಿದ್ದೆ. ಈಸ್ಟರ್ ದಿನ ಅಮ್ಮ ಎಷ್ಟೋ ವರ್ಷಗಳ ಮೇಲೆ ಎದ್ದು ಪ್ರಸಾದದ ಸಾಲಿಗೆ ಸೇರಿದಳು. ಹಿಂತಿರುಗಿ ಕಣ್ಣಿನಲ್ಲೇ ನನ್ನನ್ನೂ ಕರೆದಳು. ಆ ಮುದುಕಿ ಹೇಳಹೊರಟದ್ದು "ಆಗಿದ್ರೆ" ಎಂದೇ ನನಗೆ ಖಾತ್ರಿಯಿತ್ತು, ಈಗಲೂ ಇದೆ. ನಾನು ಏಳಲಿಲ್ಲ.